ಬೊಜ್ಜಿನ ಉರಿಯೂತ ಇಳಿಸಲು ಮೊದಲು ಬೆವರು, ಆಮೇಲೆ ಮಾತ್ರೆ: ಕಾಸರಗೋಡಿನ ಮನೆಗಳಿಗೆ ಹನ್ನೆರಡು ವಾರಗಳ ಮಾರ್ಗದರ್ಶಿ

ಮುಂಡು ಉಡುವವರಿಗೆ ಹೊಟ್ಟೆ ಬೆಳೆದದ್ದು ತಡವಾಗಿ ತಿಳಿಯುತ್ತದೆ. ಪ್ಯಾಂಟಾದರೆ ಗುಂಡಿ ಹಾಕಲಾಗದ ದಿನವೇ ಗೊತ್ತಾಗುತ್ತದೆ. ಮುಂಡಿನ ಕಟ್ಟು ಹಾಗಲ್ಲ, ಹೊಟ್ಟೆ ಮುಂದೆ ಬಂದಂತೆ ಅದು ಮೆಲ್ಲಗೆ ಕೆಳಗೆ ಜಾರಿ ಹೊಸ ಜಾಗ ಹಿಡಿಯುತ್ತದೆ. ಸೀರೆಯ ನೆರಿಗೆಯೂ, ನೈಟಿಯೂ ಇದೇ ಉಪಕಾರ ಮಾಡುತ್ತವೆ. ಹೀಗೆ ಹತ್ತು ವರ್ಷ ಕಳೆದ ಮೇಲೆ ರಕ್ತಪರೀಕ್ಷೆಯಲ್ಲಿ ಸಕ್ಕರೆ, ಕೊಬ್ಬು, ಯಕೃತ್ತಿನ ಅಂಕಿಗಳು ಒಟ್ಟಿಗೆ ಏರಿರುತ್ತವೆ. ಈ ಮೂರರ ಹಿಂದೆಯೂ ಇರುವ ಒಂದು ಮುಖ್ಯ ಕಾರಣ ಹೊಟ್ಟೆಯೊಳಗಿನ ಕೊಬ್ಬು ಎಬ್ಬಿಸುವ ಸಣ್ಣ, ನಿಲ್ಲದ ಉರಿಯೂತ.

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದೆ, ನಾಲ್ಕು ದಿನದಲ್ಲಿ ಇಳಿಯುತ್ತದೆ. ಅದು ಒಳ್ಳೆಯ ಉರಿಯೂತ. ಬೊಜ್ಜಿನದ್ದು ಬೇರೆ. ಕೊಬ್ಬಿನ ಕೋಶಗಳು ತುಂಬಿ ಹಿಗ್ಗಿದಾಗ ಅವುಗಳಿಗೆ ಆಮ್ಲಜನಕ ಸಾಲದಾಗುತ್ತದೆ, ಕೆಲವು ಸಾಯುತ್ತವೆ. ಸತ್ತ ಕೋಶಗಳನ್ನು ತೆಗೆಯಲು ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳು ಬಂದು ಅಲ್ಲೇ ಬೀಡುಬಿಡುತ್ತವೆ. ಅವು ಟಿಎನ್‌ಎಫ್-ಆಲ್ಫಾ, ಐಎಲ್-6 ಮುಂತಾದ ರಾಸಾಯನಿಕ ಸಂದೇಶಗಳನ್ನು ಹಗಲೂ ರಾತ್ರಿ ರಕ್ತಕ್ಕೆ ಬಿಡುತ್ತವೆ. ಅದನ್ನು ಕಂಡು ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ, ಇನ್ಸುಲಿನ್ನಿನ ಮಾತು ಸ್ನಾಯುಗಳಿಗೆ ಕೇಳಿಸದಾಗುತ್ತದೆ, ಉರಿಯೂತ ತಗ್ಗಿಸುವ ಅಡಿಪೋನೆಕ್ಟಿನ್ ಕಡಿಮೆಯಾಗುತ್ತದೆ. ನೋವಿಲ್ಲ, ಜ್ವರವಿಲ್ಲ, ಆದ್ದರಿಂದ ಯಾರೂ ಗಮನಿಸುವುದಿಲ್ಲ.

ಇದಕ್ಕೆ ಡಬ್ಬಿಯಲ್ಲಿ ಬರುವ ಪೂರಕಗಳನ್ನು ಮೊದಲು ಕೊಂಡು, ನಡಿಗೆಯನ್ನು "ಮಳೆ ಬಿಡಲಿ" ಎಂದು ಮುಂದೂಡುವುದು ನಮ್ಮಲ್ಲಿ ಸಾಮಾನ್ಯ. ಕ್ರಮ ಉಲ್ಟಾ ಆಗಬೇಕು. ವ್ಯಾಯಾಮವೇ ಔಷಧ. ಪೂರಕವೆಂದರೆ ಅಳೆದು ಕಂಡುಕೊಂಡ ಕೊರತೆಯನ್ನು ತುಂಬುವ ವಸ್ತು, ಅಷ್ಟೇ. ಕೆಲವು ಪೂರಕಗಳು ವ್ಯಾಯಾಮದ ಫಲವನ್ನೇ ಅಳಿಸುತ್ತವೆ, ಅದನ್ನೂ ಮುಂದೆ ಹೇಳಿದೆ.

ಮೊದಲ ಹೆಜ್ಜೆ: ಅಳತೆ

ಟೈಲರ್ ಟೇಪು ಸಾಕು. ಬೆಳಗ್ಗೆ, ಏನೂ ತಿನ್ನುವ ಮೊದಲು, ಬಟ್ಟೆ ಸರಿಸಿ ಬರಿ ಮೈ ಮೇಲೆ ಅಳೆಯಿರಿ. ಕೊನೆಯ ಪಕ್ಕೆಲುಬಿನ ಕೆಳತುದಿಯನ್ನೂ ಸೊಂಟದ ಎಲುಬಿನ ಮೇಲ್ತುದಿಯನ್ನೂ ಬೆರಳಿನಿಂದ ಒತ್ತಿ ಗುರುತಿಸಿ, ಎರಡರ ನಡುಮಧ್ಯದಲ್ಲಿ ಟೇಪು ಸುತ್ತಿ. ಮುಂಡು ಕಟ್ಟುವ ಜಾಗದಲ್ಲಿ ಅಳೆದರೆ ನಾಲ್ಕೈದು ಸೆಂಟಿಮೀಟರ್ ಕಡಿಮೆ ಬಂದರೂ ಆಶ್ಚರ್ಯವಿಲ್ಲ. ಸಹಜವಾಗಿ ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಓದಿ. ಭಾರತೀಯರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಬೊಜ್ಜು ಎಂದೇ ಲೆಕ್ಕ. ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 23ಕ್ಕೆ ಅಧಿಕ ತೂಕ, 25ಕ್ಕೆ ಬೊಜ್ಜು. ಪಾಶ್ಚಾತ್ಯರ 25 ಮತ್ತು 30ರ ಗೆರೆ ನಮಗೆ ಹೊಂದುವುದಿಲ್ಲ, ಕೈಕಾಲು ಸಣ್ಣಗಿದ್ದೂ ಹೊಟ್ಟೆಯೊಳಗೆ ಕೊಬ್ಬು ತುಂಬಿಕೊಳ್ಳುವ ಮೈಕಟ್ಟು ನಮ್ಮದು.

ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಲಿಪಿಡ್ ಪ್ರೊಫೈಲ್ (ಕೊಬ್ಬು), ಎಸ್‌ಜಿಪಿಟಿ (ಯಕೃತ್ತು), ಕ್ರಿಯಾಟಿನಿನ್ (ಮೂತ್ರಪಿಂಡ), ಟಿಎಸ್‌ಎಚ್ (ಥೈರಾಯ್ಡ್), ವಿಟಮಿನ್ ಡಿ, ಜೊತೆಗೆ ಎಚ್‌ಎಸ್-ಸಿಆರ್‌ಪಿ ಇರಲಿ. "ಎಚ್‌ಎಸ್" ಎಂಬ ಎರಡಕ್ಷರ ಬಿಟ್ಟರೆ ಲ್ಯಾಬಿನವರು ಜ್ವರಕ್ಕೆ ಮಾಡುವ ಸಾಮಾನ್ಯ ಸಿಆರ್‌ಪಿ ಮಾಡಿಬಿಡುತ್ತಾರೆ, ಅದು ಈ ಸಣ್ಣ ಉರಿಯೂತವನ್ನು ಹಿಡಿಯುವುದಿಲ್ಲ. ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಹೃದಯದ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ಕ್ಕಿಂತ ಮೇಲೆ ಹೆಚ್ಚು. ಯೂನಿಟ್ ನೋಡದೆ ಓದಬೇಡಿ. ಕೆಲವು ಲ್ಯಾಬುಗಳು ಡೆಸಿಲೀಟರಿನಲ್ಲಿ ಬರೆಯುತ್ತವೆ, ಆಗ 0.4 ಎಂದರೆ ನಮ್ಮ ಲೆಕ್ಕದ 4.

10 ದಾಟಿದರೆ ಅದು ಬೊಜ್ಜಿನದ್ದೇ ಎಂದುಕೊಳ್ಳಬೇಡಿ, ಮೈಯಲ್ಲಿ ಬೇರೆ ಸೋಂಕು ಅಥವಾ ಗಾಯ ಇರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ವೈರಲ್ ಜ್ವರ, ಡೆಂಗ್ಯೂ, ಇಲಿಜ್ವರ ಮನೆಮನೆ ತಿರುಗುತ್ತಿರುತ್ತವೆ. ಜ್ವರ ಬಿಟ್ಟು ಎರಡು ಮೂರು ವಾರವಾದರೂ ಕಳೆಯದೆ ಈ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ. ಹಲ್ಲು ಕೀಳಿಸಿದ ವಾರ, ಲಸಿಕೆ ಹಾಕಿಸಿಕೊಂಡ ವಾರ, ತೋಟದಲ್ಲಿ ಮೈಮುರಿದು ದುಡಿದ ಮರುದಿನವೂ ಬೇಡ. ಆರೋಗ್ಯವಾಗಿದ್ದರೂ ಈ ಅಂಕಿ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಎರಡು ವಾರದ ಅಂತರದಲ್ಲಿ ಎರಡು ಸಲ ನೋಡಿ ಸರಾಸರಿ ತೆಗೆಯುವುದು ಸರಿಯಾದ ದಾರಿ.

ಎದೆನೋವು, ಏರು ಹತ್ತುವಾಗ ಅತಿಯಾದ ಏದುಸಿರು, ತಲೆತಿರುಗು ಇದ್ದವರು, ಸಕ್ಕರೆ ಕಾಯಿಲೆ ಬಂದು ಹಲವು ವರ್ಷವಾದವರು ವೈದ್ಯರನ್ನು ಕಂಡ ಮೇಲೆಯೇ ಮುಂದಿನದಕ್ಕೆ ಕೈಹಾಕಿ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇಲ್ಲಿ ಹೇಳಿದ ಮಾತ್ರೆಗಳ ಪ್ರಮಾಣ ಅನ್ವಯಿಸುವುದಿಲ್ಲ.

ಎರಡನೆಯ ಹೆಜ್ಜೆ: ಮಾತ್ರೆಯಿಲ್ಲದ ನಾಲ್ಕು ವಾರ

ಮೊದಲ ನಾಲ್ಕು ವಾರ ಯಾವ ಹೊಸ ಪೂರಕವೂ ಬೇಡ. ಎಲ್ಲವನ್ನೂ ಒಂದೇ ದಿನ ಶುರುಮಾಡಿದರೆ ಲಾಭ ಯಾವುದರಿಂದ, ಹೊಟ್ಟೆನೋವು ಯಾವುದರಿಂದ ಎಂದು ತಿಳಿಯುವುದೇ ಇಲ್ಲ.

ವ್ಯಾಯಾಮ ಉರಿಯೂತವನ್ನು ಹೇಗೆ ಇಳಿಸುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ದುಡಿಯುವ ಸ್ನಾಯು ಕೂಡ ಐಎಲ್-6 ಬಿಡುತ್ತದೆ. ಹೆಸರು ಅದೇ, ಕೆಲಸ ಬೇರೆ. ಕೊಬ್ಬಿನಿಂದ ದಿನವಿಡೀ ಸೋರುವ ಐಎಲ್-6 ಉರಿಯೂತದ ಜೊತೆಗಾರ. ಸ್ನಾಯುವಿನಿಂದ ಒಂದೆರಡು ಗಂಟೆ ಉಕ್ಕಿ ಇಳಿಯುವ ಐಎಲ್-6 ತನ್ನ ಹಿಂದೆ ಐಎಲ್-10ರಂಥ ಶಮನಕಾರಿಗಳನ್ನು ಕರೆತರುತ್ತದೆ, ಕೊಬ್ಬು ಕರಗಲು ಅಪ್ಪಣೆ ಕೊಡುತ್ತದೆ. 2019ರಲ್ಲಿ ಕೋಪನ್‌ಹೇಗನ್ನಿನ ಸಂಶೋಧಕರು ಹೊಟ್ಟೆ ಬೊಜ್ಜಿನವರಿಗೆ 12 ವಾರ ಸೈಕಲ್ ತುಳಿಸಿ ನೋಡಿದರು. ಐಎಲ್-6 ತಡೆಯುವ ಔಷಧ ಕೊಟ್ಟವರಲ್ಲಿ, ಅಷ್ಟೇ ತುಳಿದರೂ, ಹೊಟ್ಟೆಯೊಳಗಿನ ಕೊಬ್ಬು ಇಳಿಯಲಿಲ್ಲ. ಸ್ನಾಯು ಕಳಿಸುವ ಈ ಸಂದೇಶವನ್ನು ಯಾವ ಡಬ್ಬಿಯಿಂದಲೂ ಕೊಳ್ಳಲಾಗುವುದಿಲ್ಲ.

ಗುರಿ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯದೇ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ಕೆಲಸ. ಮಧ್ಯಮ ವೇಗವೆಂದರೆ ಜೊತೆಗಾರನೊಡನೆ ಮಾತಾಡಬಹುದು, ಆದರೆ ಭಜನೆ ಹಾಡಲಾಗದು. ಹಾಡಲು ಸಾಧ್ಯವಾದರೆ ನಿಧಾನವಾಯಿತು, ಮಾತೂ ತುಂಡಾದರೆ ಜಾಸ್ತಿಯಾಯಿತು.

1 ಮತ್ತು 2ನೇ ವಾರ: ಸಮತಟ್ಟು ದಾರಿಯಲ್ಲಿ 15 ನಿಮಿಷ, ವಾರಕ್ಕೆ ಐದು ದಿನ. ಜೊತೆಗೆ ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ 10 ನಿಮಿಷ. ಈ ಹತ್ತು ನಿಮಿಷವನ್ನು ಬಿಡಬೇಡಿ. ಉಂಡ ಅನ್ನದ ಸಕ್ಕರೆ ರಕ್ತಕ್ಕೆ ಇಳಿಯುವ ಹೊತ್ತಿಗೆ ಕಾಲಿನ ಸ್ನಾಯು ಅದನ್ನು ಎಳೆದುಕೊಳ್ಳುತ್ತದೆ.

3 ಮತ್ತು 4ನೇ ವಾರ: 25 ನಿಮಿಷ. ವಾರಕ್ಕೆ ಎರಡು ದಿನ ಬಲದ ವ್ಯಾಯಾಮ ಸೇರಿಸಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10 ಸಲ. ಗೋಡೆಗೆ ಅಂಗೈ ಊರಿ ತಳ್ಳುವುದು 10 ಸಲ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಅರ್ಧ ನೀರು ತುಂಬಿ, ಒಂದು ಕೈಯನ್ನು ಬೆಂಚಿಗೆ ಊರಿ, ಇನ್ನೊಂದರಿಂದ ಸೊಂಟದ ಕಡೆಗೆ ಎಳೆಯುವುದು, ಕೈಗೆ 10 ಸಲ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತುವುದು 12 ಸಲ. ಎಲ್ಲ ಮುಗಿದ ಮೇಲೆ ಎರಡು ನಿಮಿಷ ಕುಳಿತು ಇನ್ನೊಂದು ಸುತ್ತು. ಎತ್ತುವಾಗ ಉಸಿರು ಬಿಡಿ. ಉಸಿರು ಬಿಗಿಹಿಡಿದರೆ ಬಿಪಿ ಒಮ್ಮೆಲೇ ಏರುತ್ತದೆ, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಕೆಟ್ಟವರಿಗೆ ಅದು ಅಪಾಯ.

5ರಿಂದ 8ನೇ ವಾರ: 30ರಿಂದ 35 ನಿಮಿಷ ನಡಿಗೆ, ಬಲದ ವ್ಯಾಯಾಮ ಮೂರು ಸುತ್ತು, ಕ್ಯಾನಿನಲ್ಲಿ ಪೂರ್ತಿ ನೀರು. ಕೊನೆಯ ಎರಡು ಎಳೆತ ಕಷ್ಟವೆನಿಸಬೇಕು. ಹಗುರವೆನಿಸಿದರೆ ಸ್ನಾಯುವಿಗೆ ಸುದ್ದಿಯೇ ಮುಟ್ಟಲಿಲ್ಲವೆಂದು ಅರ್ಥ.

9ರಿಂದ 12ನೇ ವಾರ: ಎರಡು ದಿನ ಗುಡ್ಡೆಯ ಏರು. ಒಂದು ನಿಮಿಷ ಚುರುಕಾಗಿ ಹತ್ತಿ, ಎರಡು ನಿಮಿಷ ನಿಧಾನ. ಹೀಗೆ ಆರು ಸಲ. ಉಳಿದ ದಿನ 40 ನಿಮಿಷದ ಸಾದಾ ನಡಿಗೆ.

ಮೊಣಕಾಲು ಕೆಡುವುದು ಇಳಿಯುವಾಗ. ಗುಡ್ಡೆ ಇಳಿಯುವಾಗ ಸಣ್ಣ ಹೆಜ್ಜೆ, ಮಂಡಿ ತುಸು ಬಾಗಿರಲಿ. ಮಂಡಿನೋವು ಇದ್ದವರಿಗೆ ಒಂದು ಸಮಾಧಾನದ ಲೆಕ್ಕವಿದೆ: ಮೈಯಿಂದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಮಳೆಗಾಲದಲ್ಲಿ ಮುರಕಲ್ಲಿನ ಮೆಟ್ಟಿಲು, ಅಂಗಳ, ತೋಟಕ್ಕಿಳಿಯುವ ದಾರಿ ಎಲ್ಲವೂ ಹಾವಸೆ ಹಿಡಿದು ಜಾರುತ್ತವೆ. ಸೊಂಟ ಮುರಿದುಕೊಂಡರೆ ಆರು ತಿಂಗಳ ಕೆಲಸ ಕೆಟ್ಟಿತು. ಜಗಲಿಯ ಒಂದೇ ಮೆಟ್ಟಿಲು ಸಾಕು: ಬಲಗಾಲು ಮೇಲೆ, ಎಡಗಾಲು ಮೇಲೆ, ಬಲಗಾಲು ಕೆಳಗೆ, ಎಡಗಾಲು ಕೆಳಗೆ. ನಿಮಿಷಕ್ಕೆ ಸುಮಾರು 20 ಸಲ, ಐದು ನಿಮಿಷ ಮಾಡಿ ಒಂದು ನಿಮಿಷ ನಿಲ್ಲಿ. ಮೂರು ನಾಲ್ಕು ಸುತ್ತಾದರೆ ಆ ದಿನದ ಲೆಕ್ಕ ಮುಗಿಯಿತು. ಏಪ್ರಿಲ್, ಮೇಯಲ್ಲಿ ಬೆವರು ಆರುವುದೇ ಇಲ್ಲ, ಬೆಳಗ್ಗೆ ಏಳರೊಳಗೆ ಮುಗಿಸಿ.

"ದಿನವಿಡೀ ಕಂಗಿನ ತೋಟದಲ್ಲೇ ಇರುತ್ತೇನೆ, ಬೇರೆ ವ್ಯಾಯಾಮ ಯಾಕೆ" ಎನ್ನುವವರಿದ್ದಾರೆ. ಗೊಬ್ಬರ ಹೊರುವ ದಿನ, ಬುಡ ಬಿಡಿಸುವ ದಿನ ಬೇಕಾಗಿಲ್ಲ ನಿಜ. ಆದರೆ ಕೆಲಸದವರನ್ನು ನೋಡಿಕೊಂಡು ನಿಲ್ಲುವುದು, ಸ್ಪ್ರಿಂಕ್ಲರ್ ತಿರುಗಿಸಿ ಬರುವುದು ಏದುಸಿರು ತರುವ ಕೆಲಸವಲ್ಲ.

ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲೇಬೇಕು. ನಡಿಗೆ ಹೆಚ್ಚಿದಂತೆ ಸಕ್ಕರೆ ಕುಸಿಯಬಹುದು, ಮಾತ್ರೆಯ ಪ್ರಮಾಣ ತಗ್ಗಿಸಬೇಕೇ ಎಂದು ವೈದ್ಯರಲ್ಲಿ ಕೇಳಿ. ಮೈಕೈ ನೋವಿಗೆ ದಿನಾ ನೋವಿನ ಮಾತ್ರೆ ನುಂಗಬೇಡಿ, ಬೆವರಿ ನೀರು ಕಡಿಮೆಯಾದ ಮೈಯಲ್ಲಿ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಮೂರನೆಯ ಹೆಜ್ಜೆ: ಪೂರಕ, ಒಂದೊಂದಾಗಿ

ಐದನೇ ವಾರದಿಂದ, ಎರಡು ವಾರಕ್ಕೆ ಒಂದರಂತೆ ಮಾತ್ರ ಸೇರಿಸಿ. ಬಹಳ ಮಂದಿಗೆ ಎರಡಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಒಮೆಗಾ-3. ಉರಿಯೂತಕ್ಕೆ ಸಂಬಂಧಿಸಿದಂತೆ ಹೆಚ್ಚು ಪರೀಕ್ಷೆಗೊಳಗಾದ ಪೂರಕಗಳಲ್ಲಿ ಇದೊಂದು. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನು ಇಳಿಸುವುದರಲ್ಲಿ ಗಟ್ಟಿ, ಸಿಆರ್‌ಪಿ ಇಳಿಸುವುದರಲ್ಲಿ ಸಾಧಾರಣ. ಮೀನು ತಿನ್ನುವವರು ಡಬ್ಬಿಗಿಂತ ಮೊದಲು ಮೀನಿನ ಬುಟ್ಟಿ ನೋಡಿ. ಬೂತಾಯಿ, ಬಂಗುಡೆ ಎರಡೂ ಎಣ್ಣೆ ಮೀನುಗಳು. ತಿನ್ನುವ ಭಾಗ 100 ಗ್ರಾಂ ಆಗಲು ಮಧ್ಯಮ ಗಾತ್ರದ ನಾಲ್ಕೈದು ಬೂತಾಯಿ ಬೇಕು. ಸೀಸನ್ನಿಗೆ ತಕ್ಕಂತೆ ಹೆಚ್ಚು ಕಡಿಮೆಯಾದರೂ ಅದರಲ್ಲಿ ಇಪಿಎ ಮತ್ತು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬುಗಳು ಒಟ್ಟು ಸುಮಾರು ಒಂದು ಗ್ರಾಂ ಸಿಗುತ್ತವೆ. ವಾರಕ್ಕೆ ಮೂರು ಸಲ ಪುಳಿಮುಂಚಿಯೋ ಗಸಿಯೋ ಮಾಡಿ. ಎಣ್ಣೆಯಲ್ಲಿ ಮುಳುಗಿಸಿ ಕಾಯಿಸಿದರೆ ಮೀನಿನೆಣ್ಣೆ ಬಾಣಲೆಗೆ, ಬಾಣಲೆಯ ಎಣ್ಣೆ ಮೀನಿಗೆ.

ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ. ಆ ದಿನಗಳಲ್ಲಿ ಮೀನು ದುಬಾರಿ, ಕ್ಯಾಪ್ಸೂಲಿನ ಮೊರೆಹೋಗುವವರು ಡಬ್ಬಿಯ ಮುಂದಿನ ಅಕ್ಷರ ಬಿಟ್ಟು ಹಿಂದಿನದ್ದು ಓದಿ. ಮುಂದೆ "1000 ಮಿಲಿಗ್ರಾಂ ಮೀನೆಣ್ಣೆ" ಎಂದಿರುತ್ತದೆ. ಹಿಂದೆ ಸಾಮಾನ್ಯವಾಗಿ ಇಪಿಎ 180, ಡಿಎಚ್‌ಎ 120. ಅಂದರೆ ಕೆಲಸದ ಪದಾರ್ಥ ಬರೀ 300 ಮಿಲಿಗ್ರಾಂ. ಪ್ರಯೋಗಗಳಲ್ಲಿ ಫಲ ಕಂಡದ್ದು ದಿನಕ್ಕೆ 1ರಿಂದ 2 ಗ್ರಾಂ ಮತ್ತು ಮೇಲೆ. ಇಂಥದ್ದಾದರೆ ಆರೇಳು ಕ್ಯಾಪ್ಸೂಲ್ ನುಂಗಬೇಕಾದೀತು, ಸಾಂದ್ರೀಕೃತವಾದರೆ ಎರಡು ಮೂರು ಸಾಕು. ಮಧ್ಯಾಹ್ನ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹೀರಲ್ಪಡುತ್ತದೆ, ಮೀನಿನ ತೇಗೂ ಕಡಿಮೆ. ನಮ್ಮ ಸೆಕೆಗೆ ಈ ಎಣ್ಣೆ ಬೇಗ ಕನರುತ್ತದೆ. ತಿಂಗಳಿಗೊಮ್ಮೆ ಒಂದು ಕ್ಯಾಪ್ಸೂಲನ್ನು ಕತ್ತರಿಸಿ ಮೂಸಿ. ಹಳೇ ಪೇಂಟಿನಂಥ ಕಟು ವಾಸನೆಯಿದ್ದರೆ ಡಬ್ಬಿ ಎಸೆಯಿರಿ. ವೈದ್ಯರು ಹೇಳದೆ ದಿನಕ್ಕೆ 2 ಗ್ರಾಂ ದಾಟಬೇಡಿ. ಹೆಚ್ಚು ಪ್ರಮಾಣದಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಹೃದಯ ಬಡಿತದ ಏರುಪೇರಿನ ಅಪಾಯ ಹೆಚ್ಚುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯವರು ಕೇಳದೆ ಶುರುಮಾಡಲೇಬೇಡಿ.

ಮೀನು ಮುಟ್ಟದ ಮನೆಗಳಲ್ಲಿ ಅಗಸೆ ಬೀಜವನ್ನು ಹುರಿದು ಪುಡಿ ಮಾಡಿ ದಿನಕ್ಕೊಂದು ದೊಡ್ಡ ಚಮಚ ಮಜ್ಜಿಗೆಗೆ ಹಾಕುವುದು ಒಳ್ಳೆಯದೇ. ಆದರೆ ಅದರ ಒಮೆಗಾ-3 ನಮ್ಮ ಮೈಯಲ್ಲಿ ಇಪಿಎ ಆಗಿ ಬದಲಾಗುವುದು ಬಹಳ ಕಡಿಮೆ. ಅಗತ್ಯವಿದ್ದರೆ ಪಾಚಿಯಿಂದ ತೆಗೆದ ಡಿಎಚ್‌ಎ ಕ್ಯಾಪ್ಸೂಲ್ ಸಿಗುತ್ತದೆ. ಕ್ಯಾಪ್ಸೂಲಿನ ಹೊರಕವಚ ಜೆಲಾಟಿನ್ ಹೌದೋ ಅಲ್ಲವೋ ನೋಡಿಕೊಳ್ಳಿ.

ವಿಟಮಿನ್ ಡಿ. ರಕ್ತದಲ್ಲಿ ಮಿಲಿಲೀಟರಿಗೆ 20 ನ್ಯಾನೋಗ್ರಾಮಿಗಿಂತ ಕಡಿಮೆಯಿದ್ದರೆ ಮಾತ್ರ. ಇದು ಕೊಬ್ಬಿನಲ್ಲಿ ಸೇರಿಕೊಂಡು ಕೂರುವುದರಿಂದ ಬೊಜ್ಜಿನವರಲ್ಲಿ ಕೊರತೆ ಜಾಸ್ತಿ, ಸರಿಪಡಿಸಲು ಎರಡು ಮೂರು ಪಟ್ಟು ಬೇಕಾಗಬಹುದು. ವೈದ್ಯರು ಸಾಮಾನ್ಯವಾಗಿ ಬರೆಯುವುದು ವಾರಕ್ಕೊಂದು 60,000 ಯೂನಿಟ್, ಎಂಟು ವಾರ. ವಾರಕ್ಕೊಂದನ್ನು ದಿನಕ್ಕೊಂದು ಎಂದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಅತಿ ಬಾಯಾರಿಕೆ, ಮೂತ್ರಪಿಂಡದ ತೊಂದರೆಗೆ ಬಂದು ನಿಲ್ಲುತ್ತದೆ. ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಗುರುತು ಹಾಕಿ ಅದೇ ದಿನ ಊಟದೊಂದಿಗೆ ತೆಗೆದುಕೊಳ್ಳಿ. ಕೊರತೆಯೇ ಇಲ್ಲದವರಿಗೆ ಇದರಿಂದ ಉರಿಯೂತ ಇಳಿಯುತ್ತದೆಂದು ನಂಬಬೇಡಿ.

ನಾರು. ಇಸಬ್‌ಗೋಲ್ ಅಗ್ಗ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಮಾಡುವ ಕೊಬ್ಬಿನಾಮ್ಲಗಳು ಕರುಳಿನ ಗೋಡೆಯನ್ನು ಬಿಗಿಯಾಗಿಡುತ್ತವೆ, ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೋರುವುದು ತಗ್ಗುತ್ತದೆ. ಹುದುಗುವ ಈ ಕೆಲಸಕ್ಕೆ ಕಾಳು, ಬಸಳೆ, ಹರಿವೆ, ಬಾಳೆದಿಂಡೇ ಮೇಲು. ಇಸಬ್‌ಗೋಲ್ ಕೊರತೆ ತುಂಬಲು. ಮೊದಲ ವಾರ ಒಂದು ಟೀ ಚಮಚ, ಆಮೇಲೆ ಒಂದು ದೊಡ್ಡ ಚಮಚ, ಪ್ರತಿ ಸಲ ದೊಡ್ಡ ಲೋಟ ತುಂಬ ನೀರು, ಕಲಸಿದ ಕೂಡಲೇ ಕುಡಿಯಿರಿ. ನೀರು ಸಾಲದಿದ್ದರೆ ಗಂಟಲಲ್ಲೇ ಉಬ್ಬಿ ಕಟ್ಟಿಕೊಳ್ಳುತ್ತದೆ. ಬೇರೆ ಮಾತ್ರೆಗಳಿಂದ ಎರಡು ಗಂಟೆ, ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರವಿರಲಿ.

ಪ್ರೋಟೀನ್. ಬೆಳಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ ಉಪ್ಪಿನಕಾಯಿ ಉಂಡು ಬಲದ ವ್ಯಾಯಾಮ ಮಾಡಿದರೆ ಸ್ನಾಯು ಕಟ್ಟಲು ಸಾಮಾನೇ ಇರುವುದಿಲ್ಲ. ಗುರಿ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2 ಗ್ರಾಂ: 65 ಕಿಲೋ ಆದರೆ 78 ಗ್ರಾಂ. ಒಂದು ಮೊಟ್ಟೆಯಲ್ಲಿ 6, ನೂರು ಗ್ರಾಂ ಮೀನಿನಲ್ಲಿ ಸುಮಾರು 20, ಒಣ ಹೆಸರುಕಾಳು 50 ಗ್ರಾಮಿನಲ್ಲಿ ಸುಮಾರು 12. ರಾತ್ರಿಯ ಗಂಜಿಗೆ ಹೆಸರುಕಾಳಿನ ಪಲ್ಯ ಹಳೆಯ ಜೋಡಿ, ಅದನ್ನು ಮರಳಿ ತಟ್ಟೆಗೆ ತನ್ನಿ. ಇಷ್ಟಾದರೂ ಸಾಲದಿದ್ದರೆ ಮಾತ್ರ ಒಂದು ಸ್ಕೂಪ್ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ). ಕ್ರಿಯಾಟಿನಿನ್ ಏರಿದವರಿಗೆ ಈ ಲೆಕ್ಕ ಸಲ್ಲದು.

ಅರಸಿನದ ಕರ್ಕ್ಯುಮಿನ್. ಅಡುಗೆಯ ಅರಸಿನಪುಡಿಯಲ್ಲಿ ಕರ್ಕ್ಯುಮಿನ್ ಶೇಕಡಾ ಮೂರರ ಆಸುಪಾಸು, ಅದೂ ಕರುಳಿನಿಂದ ರಕ್ತಕ್ಕೆ ಏರುವುದು ಕಷ್ಟ. ಕಾಳುಮೆಣಸಿನ ಪೈಪರಿನ್ ಸೇರಿಸಿದರೆ ಮನುಷ್ಯರಲ್ಲಿ ಅದರ ಲಭ್ಯತೆ ಇಪ್ಪತ್ತು ಪಟ್ಟು ಏರುತ್ತದೆ ಎಂದು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸಂಶೋಧಕರೇ. ದಿನಕ್ಕೆ 500ರಿಂದ 1000 ಮಿಲಿಗ್ರಾಂ, ಎಂಟರಿಂದ ಹನ್ನೆರಡು ವಾರ ಕೊಟ್ಟ ಪ್ರಯೋಗಗಳಲ್ಲಿ ಸಿಆರ್‌ಪಿ ಸ್ವಲ್ಪ ಇಳಿದಿದೆ. ಆದರೂ ಇದನ್ನು ನಾವು ಪಟ್ಟಿಯ ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ: ಹೀರಿಕೆ ಹೆಚ್ಚಿಸಿದ ಕರ್ಕ್ಯುಮಿನ್ ಮಾತ್ರೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಪೈಪರಿನ್ ಬೇರೆ ಔಷಧಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸುತ್ತದೆ, ಫಿಟ್ಸ್ ಮಾತ್ರೆಯವರು ಗಮನಿಸಿ. ಪಿತ್ತಕೋಶದ ಕಲ್ಲು ಇದ್ದವರಿಗೆ, ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಬೇಡ. ಮೂತ್ರ ಕಡು ಹಳದಿಯಾದರೆ, ಮೈ ತುರಿಸಿದರೆ, ಊಟ ಸೇರದಿದ್ದರೆ ಮಾತ್ರೆ ಅಲ್ಲಿಗೇ ನಿಲ್ಲಿಸಿ ಲಿವರ್ ಟೆಸ್ಟ್ ಮಾಡಿಸಿ. ಕಾಮಾಲೆ ಎಂದು ಸೊಪ್ಪಿನ ಮದ್ದು ಕುಡಿಯುತ್ತ, ಕಾರಣವಾದ ಮಾತ್ರೆಯನ್ನೂ ನುಂಗುತ್ತ ದಿನ ಕಳೆಯಬೇಡಿ. ಸಾರಿನ ಅರಸಿನಕ್ಕೆ ಈ ಭಯವಿಲ್ಲ.

ಕೊಳ್ಳಬಾರದವು

ವಿಟಮಿನ್ ಸಿ 1000 ಮಿಲಿಗ್ರಾಂ, ವಿಟಮಿನ್ ಇ 400 ಯೂನಿಟ್. "ಆಂಟಿಆಕ್ಸಿಡೆಂಟ್" ಎಂದು ವ್ಯಾಯಾಮ ಮಾಡುವವರೇ ಹೆಚ್ಚು ಕೊಳ್ಳುವುದು ಇದನ್ನು. 2009ರಲ್ಲಿ ಜರ್ಮನಿಯಲ್ಲಿ ಸರಿಯಾಗಿ ಈ ಪ್ರಮಾಣವನ್ನೇ ನಾಲ್ಕು ವಾರ ವ್ಯಾಯಾಮದ ಜೊತೆ ಕೊಟ್ಟರು. ಮಾತ್ರೆಯಿಲ್ಲದೆ ವ್ಯಾಯಾಮ ಮಾಡಿದವರಲ್ಲಿ ಇನ್ಸುಲಿನ್ ಸ್ಪಂದನೆ ಸುಧಾರಿಸಿತು, ಮಾತ್ರೆ ನುಂಗಿದವರಲ್ಲಿ ಸುಧಾರಿಸಲಿಲ್ಲ. ಸ್ನಾಯು ದುಡಿಯುವಾಗ ಹುಟ್ಟುವ ಚೂರು ಆಕ್ಸಿಡೀಕರಣವೇ "ಗಟ್ಟಿಯಾಗು" ಎಂಬ ಸೂಚನೆ. ಅದನ್ನು ಮಾತ್ರೆ ಒರೆಸಿಹಾಕುತ್ತದೆ. ನೆಲ್ಲಿಕಾಯಿ, ಪೇರಳೆ ಧಾರಾಳವಾಗಿ ತಿನ್ನಿ.

ಗಾರ್ಸಿನಿಯಾ ಕ್ಯಾಪ್ಸೂಲ್. ಮೀನಿನ ಸಾರಿಗೆ ಹಾಕುವ ಕುಡಂಪುಳಿಯ ಸಾರವಿದು. ಸಾರಿಗೆ ಅದು ಸೊಗಸು. 1998ರಲ್ಲಿ 135 ಮಂದಿಯ ಮೇಲೆ 12 ವಾರ ನಡೆದ ಅಮೆರಿಕದ ಪ್ರಯೋಗದಲ್ಲಿ ಕ್ಯಾಪ್ಸೂಲಿಗೂ ಖಾಲಿ ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ, ಯಕೃತ್ತಿನ ಹಾನಿಯ ವರದಿಗಳು ಮಾತ್ರ ಬಂದಿವೆ. ಗ್ರೀನ್ ಟೀ ಕುಡಿಯಿರಿ, ಅದರ ಸಾರದ ಮಾತ್ರೆ ಬೇಡ. ಅದರ ಮುಖ್ಯ ಅಂಶವಾದ ಇಜಿಸಿಜಿ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿಗೆ ತೊಂದರೆಯ ಸೂಚನೆಗಳಿವೆ.

ಗಲ್ಫ್‌ನಿಂದ ಬರುವ ಪೆಟ್ಟಿಗೆಯಲ್ಲಿ ಪ್ರೀತಿಯಿಂದ ಕಳಿಸಿದ "ಫ್ಯಾಟ್ ಬರ್ನರ್" ಡಬ್ಬಿಗಳಿರುತ್ತವೆ. ಕಳಿಸಿದವರ ಮೇಲೆ ಬೇಸರ ಬೇಡ, ಡಬ್ಬಿ ಮಾತ್ರ ಬದಿಗಿಡಿ. ಭಾರತದಲ್ಲಿ 2011ರಲ್ಲಿ ನಿಷೇಧವಾದ, ಹೃದಯಕ್ಕೆ ಅಪಾಯವಾದ ಸಿಬುಟ್ರಮಿನ್ ಇಂಥ ಉತ್ಪನ್ನಗಳಲ್ಲಿ ಲೇಬಲ್ಲಿನಲ್ಲಿ ಹೇಳದೆಯೇ ಸೇರಿರುವುದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಇಲ್ಲಿ ಕೊಳ್ಳುವುದರ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ, ಪ್ರತಿ ಪದಾರ್ಥದ ಪ್ರಮಾಣ ಇರಬೇಕು. "ಸ್ವಂತ ಮಿಶ್ರಣ" ಎಂದು ಒಟ್ಟು ತೂಕ ಮಾತ್ರ ಬರೆದಿದ್ದರೆ ಬಿಟ್ಟುಬಿಡಿ.

ನಾಲ್ಕನೆಯ ಹೆಜ್ಜೆ: ಹನ್ನೆರಡನೇ ವಾರದ ಲೆಕ್ಕ

ಸೊಂಟವನ್ನು ಎರಡು ವಾರಕ್ಕೊಮ್ಮೆ, ರಕ್ತವನ್ನು ಹನ್ನೆರಡನೇ ವಾರದಲ್ಲಿ ನೋಡಿ. ಪರೀಕ್ಷೆಗೆ ಮೊದಲ ಎರಡು ದಿನ ಗುಡ್ಡೆ ಹತ್ತಬೇಡಿ. ಸಿಆರ್‌ಪಿ 3.2ರಿಂದ 2.8 ಆದರೆ ಅದು ಇಳಿಕೆಯಲ್ಲ, ದಿನದ ಏರಿಳಿತ. 4ರಿಂದ 2 ಆಗಿ, ಎರಡನೆಯ ಪರೀಕ್ಷೆಯಲ್ಲೂ ಅಲ್ಲೇ ನಿಂತರೆ ನಿಜವಾದ ಇಳಿಕೆ. ತೂಕದ ಶೇಕಡಾ 5ರಿಂದ 10 ಇಳಿದವರಲ್ಲಿ ಸಿಆರ್‌ಪಿ ಸಾಮಾನ್ಯವಾಗಿ ಜೊತೆಗೇ ಇಳಿಯುತ್ತದೆ. ತೂಕ ಹಾಗೇ ಇದ್ದು ಸೊಂಟ ಮೂರು ಸೆಂಟಿಮೀಟರ್ ಇಳಿದಿದ್ದರೆ ನಿರಾಶರಾಗಬೇಡಿ, ಕೊಬ್ಬು ಹೋಗಿ ಸ್ನಾಯು ಬಂದಿರಬಹುದು.

ಸೊಂಟ ಇಳಿದರೂ ಸಿಆರ್‌ಪಿ ಜಗ್ಗದಿದ್ದರೆ ಬಾಯಿ ತೆರೆದು ನೋಡಿ. ಒಸಡಿನಲ್ಲಿ ರಕ್ತ, ಕೀವು ಇದ್ದರೆ ಅದೇ ಸಾಕು ಈ ಅಂಕಿಯನ್ನು ಮೇಲೆ ಹಿಡಿದಿಡಲು. ಎಲೆಯಡಿಕೆಯ ಕರೆಯಡಿ ಒಸಡಿನ ರೋಗ ಕಾಣಿಸುವುದೇ ಇಲ್ಲ. ಬೀಡಿ, ಸಿಗರೇಟು, ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆ, ಗೊರಕೆಯಲ್ಲಿ ಉಸಿರು ಕಟ್ಟುವುದು, ಸಂಧಿವಾತ ಇವನ್ನೂ ಒಂದೊಂದಾಗಿ ಪರಿಶೀಲಿಸಿ. ಸೊಂಟವೇ ಇಳಿದಿಲ್ಲವಾದರೆ ನಾಲ್ಕು ಗಂಟೆಯ ಚಹಾದ ಸಕ್ಕರೆ, ಬನ್ಸು, ಪೊರೋಟ, ಮಿಕ್ಸ್ಚರುಗಳ ಲೆಕ್ಕ ಬರೆದಿಡಿ, ಯಾವ ಕ್ಯಾಪ್ಸೂಲೂ ಅವನ್ನು ಸರಿದೂಗಿಸದು.

ಪೂರಕ ಶುರುಮಾಡಿ ಹನ್ನೆರಡು ವಾರವಾದರೂ ಟ್ರೈಗ್ಲಿಸರೈಡ್, ಸಿಆರ್‌ಪಿ ಯಾವುದೂ ಅಲುಗದಿದ್ದರೆ ಅದನ್ನು ನಿಲ್ಲಿಸಿ, ಆ ದುಡ್ಡಿಗೆ ಬೂತಾಯಿ ಬರುತ್ತದೆ. ವೈದ್ಯರಲ್ಲಿಗೆ ಹೋಗುವಾಗ ಮನೆಯ ಎಲ್ಲ ಡಬ್ಬಿಗಳನ್ನೂ ಒಂದು ಚೀಲಕ್ಕೆ ಹಾಕಿ ಒಯ್ಯಿರಿ: ಮಲ್ಟಿವಿಟಮಿನ್, ಕ್ಯಾಲ್ಸಿಯಂ, ಆಯುರ್ವೇದದ ಗುಳಿಗೆ, ಗಲ್ಫಿನದ್ದು, ಎಲ್ಲವನ್ನೂ. ಒಂದೇ ವಿಟಮಿನ್ ಡಿ ಮೂರು ಡಬ್ಬಿಗಳಲ್ಲಿ ಮೂರು ಹೆಸರಿನಲ್ಲಿ ಕೂತಿರುವುದು ಮೇಜಿನ ಮೇಲೆ ಸಾಲಾಗಿ ಇಟ್ಟಾಗಲೇ ಕಣ್ಣಿಗೆ ಬೀಳುವುದು.